ದೇವರ ತಟ್ಟೆಯಲ್ಲಿ ಕ್ವೀನ್ ನೀನಾ

ಕಳೆದ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಈಸ್ಟ್ ಬ್ರನ್ಸ್‌ವಿಕ್‌ನ ಮನೆಯಲ್ಲಿದ್ದವರು ನಾನು, ಸ್ನಾನಕ್ಕೆ ಹೋಗಿದ್ದ ಹೆಂಡತಿ ಶಾರದಾ, ಸೊಸೆ ರಮ್ಯಾ. ರಮ್ಯಾ ತಂದಿದ್ದ, ಜಪಾನಿನ ಎರಡು ಬೇರೆ ಬೇರೆ ತಳಿಗಳ ಕೆಂಪು ದ್ರಾಕ್ಷಿ ಗೊಂಚಲುಗಳನ್ನು ನಾನು ಅಭ್ಯಾಸದಂತೆ ಬಿಡಿಸಿ, ಉಪ್ಪುನೀರಿನಲ್ಲಿ ತೊಳೆದು, ನೈವೇದ್ಯಕ್ಕೆಂದು ಒಂದೇ ಬೆಳ್ಳಿತಟ್ಟೆಗೆ ಸುರಿದಿದ್ದೆ.

“ಅಯ್ಯೋ ಮಾವ, ಮಿಕ್ಸ್ ಮಾಡ್ಬಿಟ್ರಾ! ಅದ್ರಲ್ಲಿ ಒಂದು ಕ್ವೀನ್ ನೀನಾ, ಅದಕ್ಕೆ ಸ್ಟ್ರಾಬೆರಿ ಸ್ಮೆಲ್ ಇರತ್ತಂತೆ, ತಡೀರಿ ನೋಡ್ತೀನಿ” ಎಂದು ರಮ್ಯಾ ಬಗ್ಗಿದಳು. ದೇವರಿಗಿಡುವ ಮೊದಲು ಮೂಸಬಾರದೆಂದು ತಡೆದೆ.

ಮಂಗಳಾರತಿ ಮುಗಿಸಿ, ಆಗಷ್ಟೇ ಬಂದು ನಿಂತ ಶಾರದಾಳ ಕೈಗೆ ಎರಡು ಹಣ್ಣು ಹಾಕಿದೆ. ಹೋದ ಚಳಿಗಾಲದ ಜ್ವರ ಅವಳ ವಾಸನೆಯ ಶಕ್ತಿಯನ್ನೇ ಕಿತ್ತುಕೊಂಡಿತ್ತು. ಅಂದಿನಿಂದ ಯಾವ ಹಣ್ಣಾದರೂ ಅವಳಿಗೆ ಬರೀ ಸಿಹಿನೀರು. ಒಗ್ಗರಣೆ ಸೀದರೂ ತಿಳಿಯದೆಂದು, ಅವಳು ಅಡುಗೆ ಮಾಡುವಾಗ ನಾನು ಒಲೆಯ ಬಳಿಯೇ ನಿಲ್ಲುತ್ತಿದ್ದೆ.

ಮೊದಲ ಹಣ್ಣನ್ನು ಸುಮ್ಮನೆ ತಿಂದಳು. ಎರಡನೆಯದನ್ನು ಅಗಿಯುತ್ತಾ ನಿಂತುಬಿಟ್ಟಳು.

“ರೀ, ದ್ರಾಕ್ಷೀಲಿ ಸ್ಟ್ರಾಬೆರಿ ವಾಸ್ನೆ ಬರ್ತಿದ್ಯಲ್ರೀ!”

“ಅತ್ತೇ, ಅದೇ ಕ್ವೀನ್ ನೀನಾ!” ರಮ್ಯಾ ಅವಳನ್ನು ತಬ್ಬಿಕೊಂಡಳು. ಶಾರದಾ ಕಣ್ಣು ಮುಚ್ಚಿ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಂಡು, “ಇದಲ್ಲ... ಹಾಂ, ಇದು” ಎಂದು ಆರಿಸತೊಡಗಿದಳು.

ಎಲ್ಲ ವಾಸನೆಗಳೂ ಇನ್ನೂ ಮರಳಿಲ್ಲ. ಆದರೆ ಆ ಮಧ್ಯಾಹ್ನ ಸಾರಿನ ಒಗ್ಗರಣೆಗೆ ನಿಂತವಳು ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದು, “ಸ್ವಲ್ಪ ಬರ್ತಿದೆ. ನಿಮ್ಮ ಕಾವಲು ಸಾಕು, ಹೊರಗೆ ನಡೀರಿ” ಎಂದಳು. ನಾನು ಬೆಳ್ಳಿತಟ್ಟೆಯನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟು ಹೊರಗೆ ಬಂದೆ.