ಬೀಗರ ಜಿನ್ನು, ಅಣ್ಣನ ಟಾನಿಕ್

ನಮ್ಮ ಕಡೆ ಕುಡಿದವನನ್ನು ಕುಡುಕ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದಕ್ಕೆ ಅನುಭವ ಅನ್ನುತ್ತಾರಂತೆ. ಅಣ್ಣನ ಮಗಳಿಗೆ ಗಂಡು ಗೊತ್ತಾಗಿ, ಮದುವೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಬೀಗರು ಫೋನಿಗೆ ಕಳಿಸಿದ ಆಹ್ವಾನದಲ್ಲಿ ಹಾಗೇ ಇತ್ತು: ಭಾನುವಾರ ಮಧ್ಯಾಹ್ನ ಎರಡೂ ಮನೆಯವರಿಗೆ 'ಜಿನ್ ಅನುಭವ'. ಮಂಚೇನಹಳ್ಳಿಯಲ್ಲಿ ಕೂತು ಅದನ್ನು ಓದಿದ ಅತ್ತಿಗೆ, "ಇದೇನೇ, ಗಾಳಿ ಬಿಡ್ಸೋ ಪೂಜೇನಾ?" ಎಂದು ಕೇಳಿದರು. ಪಕ್ಕದ ಮುಸ್ಲಿಮರ ಮನೆಯಲ್ಲಿ 'ಜಿನ್ನು ಹಿಡಿದಿದೆ' ಅನ್ನುವುದನ್ನು ಕೇಳಿಕೊಂಡೇ ಬೆಳೆದವರು ಅವರು. "ಹೂಂ ಅತ್ತಿಗೆ, ಅಣ್ಣನ್ನ ಹಿಡ್ಕೊಂಡಿತ್ತಲ್ಲ, ಅದೇ," ಎಂದೆ. ಅತ್ತಿಗೆ ನಗಲಿಲ್ಲ.

ಅಣ್ಣ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ನಿಂತೇ ಕುಡಿಯುತ್ತಿದ್ದವನು. ಬಿಟ್ಟು ಎರಡು ವರ್ಷವಾಗಿತ್ತು. ಗಂಡು ಒಪ್ಪಿದ ದಿನವೇ ಮಗಳು ಅವನನ್ನು ಕೂರಿಸಿಕೊಂಡು ಹೇಳಿದ್ದಳು: "ಒಂದು ತೊಟ್ಟು ಮುಟ್ಟಿದ್ರೂ ನನ್ನ ಧಾರೆ ನೀನು ಎರೆಯಂಗಿಲ್ಲಪ್ಪ. ಚಿಕ್ಕಪ್ಪ ಎರೀತಾರೆ." ಹೇಳಿದ್ದನ್ನು ಮಾಡಿಯೇ ತೀರುವ ಹುಡುಗಿ ಅವಳು. ಅಂದಿನಿಂದ ಅಣ್ಣ ಮದುವೆಮನೆಯ ಪಾನಕವನ್ನೂ ಮೂಸಿ ನೋಡಿ ಕುಡಿಯುತ್ತಿದ್ದ. ಹಾಗಂತ ಬೀಗರು ಕರೆದರೆ ಬರುವುದಿಲ್ಲ ಅನ್ನುವಂತಿಲ್ಲ. ಹೆಣ್ಣು ಕೊಡುವವರು ತಲೆ ತಗ್ಗಿಸಿ ಹೋಗಬೇಕೆಂಬುದು ನಮ್ಮ ಹಾಳು ಪದ್ಧತಿ. ಅಣ್ಣ, ಅತ್ತಿಗೆ, ಮಗಳು, ನಾನು, ನಾಲ್ವರೂ ಹೊರಟೆವು.

ಬೆಂಗಳೂರಿನ ಆ ಬಾರಿಗೆ ಕಾಣುವಂಥ ಬಾಗಿಲೇ ಇರಲಿಲ್ಲ. ಹಳೇ ಬಟ್ಟೆ ಬೀರುವಿನೊಳಗೆ ಬಗ್ಗಿ ನುಗ್ಗಬೇಕಿತ್ತು. ಒಳಗೆ ಮೀಸೆ ತಿರುವಿದ ಒಬ್ಬ ಏಪ್ರನ್ ಕಟ್ಟಿಕೊಂಡು, ಹರಿಕಥೆ ದಾಸರ ಗತ್ತಿನಲ್ಲಿ ಜಿನ್ನಿನ ಮಹಿಮೆ ಹೇಳುತ್ತಿದ್ದ. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ, ಒಂದೊಂದೇ ಡಬ್ಬಿ ಮೂಗಿಗೆ ಹಿಡಿದ. ಧನಿಯ, ಏಲಕ್ಕಿ, ನಿಂಬೆ ಸಿಪ್ಪೆ. ಧನಿಯದ ವಾಸನೆಗೆ ಬೀಗರ ಕಡೆಯವರು "ವಾವ್" ಎಂದು ಉದ್ಗರಿಸಿದರು. ಇವರ ಮನೇಲಿ ಸಾರು ಯಾರು ಮಾಡ್ತಾರೆ ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು.

ಆಮೇಲೆ ಕುಡಿಯುವ ಸರದಿ. ಒಂದು ಬಗೆಯ ಜಿನ್ನು ಪುಟ್ಟ ಪಿಂಗಾಣಿ ಸ್ನಾನದ ತೊಟ್ಟಿಯಲ್ಲಿ ಬಂತು, ಅದರ ಮೇಲೆ ರಬ್ಬರ್ ಬಾತುಕೋಳಿ ತೇಲುತ್ತಿತ್ತು. ಇನ್ನೊಂದರಲ್ಲಿ ಸೌತೆಕಾಯಿ, ಕೊತ್ತಂಬರಿ ಸೊಪ್ಪು. ಹೆಸರುಬೇಳೆ ಒಂದು ಬಿದ್ದಿದ್ದರೆ ಕೋಸಂಬರಿ. 'ಶಿಡ್ಲಘಟ್ಟ ಸಿಲ್ಕ್' ಎಂಬುದಕ್ಕೆ ಹಿಪ್ಪುನೇರಳೆ ಹಣ್ಣು ಹಾಕಿದ್ದರಂತೆ. ಆ ಗಿಡದ ಸೊಪ್ಪು ತಿಂದ ಹುಳ ಗೂಡಾದರೂ ಕಟ್ಟುತ್ತದೆ, ಇವರು ಬರೀ ಕಥೆ ಕಟ್ಟಿದರು. ನಾಲಿಗೆಯ ತುದಿಯಲ್ಲಿ ಬೆಟ್ಟದ ಮಂಜಿನ ರುಚಿ ಸಿಕ್ಕಿತು ಎಂದು ಒಬ್ಬಾಕೆ ಕಣ್ಣು ಮುಚ್ಚಿಕೊಂಡಳು. ಮೂರನೆಯ ತೊಟ್ಟಿ ಖಾಲಿಯಾದ ಮೇಲೆ ಗಂಡಿನ ದೊಡ್ಡಪ್ಪ ಬಾತುಕೋಳಿಯನ್ನು ತಲೆಯ ಮೇಲಿಟ್ಟುಕೊಂಡು ಕುಣಿದರು. ನಮ್ಮೂರಾಗಿದ್ದರೆ ಒಂದು ಬಿಂದಿಗೆ ತಣ್ಣೀರು ಸುರಿದು ಜಗಲಿಯ ಮೇಲೆ ಮಲಗಿಸುತ್ತಿದ್ದರು. ಇಲ್ಲಿ ಚಪ್ಪಾಳೆ ತಟ್ಟಿ ವಿಡಿಯೋ ಮಾಡಿಕೊಂಡರು.

ಗಂಡಿನ ತಂದೆ ಅಣ್ಣನ ಹೆಗಲ ಮೇಲೆ ಕೈ ಹಾಕಿದರು. "ತಗೊಳ್ಳಿ ಬೀಗ್ರೇ. ಇದು ಕುಡಿತ ಅಲ್ಲ, ಅನುಭವ."

ಬಿಟ್ಟಿದ್ದೇನೆ ಅಂದರೆ ಹಿಂದೆ ಕುಡಿಯುತ್ತಿದ್ದೆ ಎಂದು ಒಪ್ಪಿಕೊಂಡಂತೆ. ಆ ಸಂಗತಿ ಬೀಗರಿಗೆ ತಿಳಿಯದು. ಅಣ್ಣ ಕೈಮುಗಿದುಕೊಂಡು ಬೆವರುತ್ತ ಕೂತ. ಅವನ ಅವಸ್ಥೆ ನೋಡಿ ಬಡಿಸುತ್ತಿದ್ದವನೇ ಬಗ್ಗಿ ಕೇಳಿದ: "ಸರ್‌ಗೆ ಬರೀ ಟಾನಿಕ್ ಕೊಡ್ಲಾ?"

ಅಣ್ಣನ ಮುಖ ಅರಳಿತು. ನಮ್ಮಲ್ಲಿ ಟಾನಿಕ್ ಅಂದರೆ ನಿಶ್ಶಕ್ತಿಗೆ ಡಾಕ್ಟರು ಬರೆದುಕೊಡುವ ಕೆಂಪು ಔಷಧಿ. ಕುಡಿತ ಬಿಟ್ಟು ಸೊರಗಿದ್ದಾಗ ಗೌರಿಬಿದನೂರಿನ ಡಾಕ್ಟರು ಅದನ್ನೇ ಬರೆದಿದ್ದರು, ಅಣ್ಣ ಈಗಲೂ ತಪ್ಪದೆ ಕುಡಿಯುತ್ತಾನೆ.

"ಟಾನಿಕ್ ಆದ್ರೆ ಕೊಡಪ್ಪ. ಊಟಕ್ಕೆ ಮುಂಚೇನೇ ತಾನೇ?"

ಬಂದದ್ದು ಉದ್ದನೆಯ ಗ್ಲಾಸು, ಐಸು, ನಿಂಬೆ ಹೋಳು, ಜಿನ್ನಿಗೆ ಬೆರೆಸುವ ಸೋಡಾದಂಥ ನೀರು, ಮೇಲೇಳುವ ಗುಳ್ಳೆ. ಎಲ್ಲರ ಕೈಯಲ್ಲಿದ್ದ ಜಿನ್ನೂ ನೋಡಲು ಹಾಗೇ ಇತ್ತು. ಇದರಲ್ಲಿ ಏನು ಬೆರೆಸಿದ್ದಾರೋ ನನಗೂ ತಿಳಿಯಲಿಲ್ಲ. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಣ್ಣ ಕಣ್ಣು ಮುಚ್ಚಿ ಅರ್ಧ ಗ್ಲಾಸು ಇಳಿಸಿಬಿಟ್ಟಿದ್ದ. "ಕಹಿಯಾಗಿದೆ ಕಣೇ," ಎಂದು ಮುಖ ಕಿವಿಚಿದ. "ಒಳ್ಳೇ ಟಾನಿಕ್ಕೇ ಇರ್ಬೇಕು."

ಗಂಡಿನ ಪಕ್ಕ ಕೂತಿದ್ದ ಮಗಳು ಅದನ್ನು ನೋಡಿದಳು. ಎದ್ದು ಬಂದವಳೇ ಅಪ್ಪನ ಮುಂದೆ ನಿಂತು, "ಹಾ ಅನ್ನಪ್ಪ," ಎಂದಳು. ಚಿಕ್ಕವಳಿದ್ದಾಗ ಅವನು ಹೊಸಿಲು ದಾಟುತ್ತಿದ್ದ ಹಾಗೇ ಬಾಯಿ ಮೂಸಿ, ಅಡುಗೆಮನೆಗೆ ಓಡಿ ಅಮ್ಮನಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಹೀಗೆಯೇ.

"ಇಲ್ಲಿ ಬೇಡ ಕಣಮ್ಮ," ಎಂದೆ. ಅವಳು ಕೇಳಲಿಲ್ಲ.

ಅಣ್ಣ ಬಾಯಿ ತೆರೆದು "ಹಾ" ಅಂದ. ಗ್ಲಾಸು ಹಿಡಿದಿದ್ದ ಬೀಗರೆಲ್ಲ ಇದೂ ಒಂದು ಆಟವೆಂಬಂತೆ ತಿರುಗಿ ನೋಡಿದರು. ಅವಳು ಬಗ್ಗಿ ಮೂಸಿದಳು.

"ಇಲ್ಲ ಅತ್ತೆ, ಬರೀ ನಿಂಬೆಹಣ್ಣು," ಎಂದು ನನಗೆ ಹೇಳಿದಳು. ಅಪ್ಪನ ಮುಖ ನೋಡಲಿಲ್ಲ.

ಅಷ್ಟು ಗಂಡಸರ ನಡುವೆ ಕುಡಿಯದೆ ಕೂತವನು ಅವನೊಬ್ಬ, ಬಾಯಿ ತೋರಿಸಬೇಕಾದವನೂ ಅವನೊಬ್ಬನೇ. ನನಗೆ ಬೀಗರ ಮೇಲೆ, ಆ ಮೀಸೆಯವನ ಮೇಲೆ, ನಾನೇ ಎತ್ತಿ ಆಡಿಸಿದ ಈ ಹುಡುಗಿಯ ಮೇಲೂ ಉರಿದುಹೋಯಿತು.

ಅವಳು ತನ್ನ ಜಾಗಕ್ಕೆ ಹೊರಟಿದ್ದಳು. ಅಣ್ಣ ಅವಳ ಕೈ ಹಿಡಿದುಕೊಂಡ.

"ಇನ್ನೊಂದ್ಸಲ ನೋಡ್ಬಿಡಮ್ಮ," ಎಂದ. "ಧಾರೆ ಎರಿಯೋವಾಗ ನಿನಗೆ ಅನುಮಾನ ಇರಬಾರ್ದು."