ದೊಡ್ಡಪ್ಪ ಕುಡಿಯದ ಕಷಾಯ

ಆಗೆಲ್ಲ ನಮ್ಮ ಬಜಗೋಳಿ ಕಡೆಯ ಮಕ್ಕಳು ಮಳೆಗಾಲದ ಆಟಿ ತಿಂಗಳಲ್ಲಿ ಹೆದರುತ್ತಿದ್ದದ್ದು ಗುಡುಗಿಗಲ್ಲ, ಅಮಾವಾಸ್ಯೆಯ ಕಷಾಯಕ್ಕೆ. ಆ ದಿನ ಬರಿಹೊಟ್ಟೆಯಲ್ಲಿ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ರಸ ಕುಡಿದರೆ ವರ್ಷವಿಡೀ ಜ್ವರ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಕೆತ್ತೆಯನ್ನು ಸೂರ್ಯ ಹುಟ್ಟುವ ಮೊದಲೇ ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ಎಬ್ಬಿಸಬೇಕು. ಅಮ್ಮ ಅದನ್ನು ಓಮ, ಬೆಳ್ಳುಳ್ಳಿ, ಕರಿಮೆಣಸಿನ ಜೊತೆ ಅರೆದು ಹಿಂಡುತ್ತಿದ್ದಳು. ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ರಸದೊಳಗೆ ಹಾಕಿದಾಗ ಚೊಂಯ್ ಎಂದು ಹೊಗೆ ಏಳುತ್ತಿತ್ತು. ಆ ವಾಸನೆಗೇ ನಾಲಿಗೆ ಕಹಿಯಾಗುತ್ತಿತ್ತು. ಕುಡಿದವರಿಗೆ ಒಂದು ತುಂಡು ಬೆಲ್ಲ, ಆಮೇಲೆ ಬಿಸಿಬಿಸಿ ಮೆಂತ್ಯೆ ಗಂಜಿ.

ಕತ್ತಲಲ್ಲಿ ಮರ ತಪ್ಪಬಾರದೆಂದು ಊರವರೆಲ್ಲ ಹಿಂದಿನ ಸಂಜೆಯೇ ಹೋಗಿ, ಎಲೆ ಚಿವುಟಿ ಹಾಲು ಒಸರುವುದನ್ನು ನೋಡಿ, ಬುಡಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದರು. ನನ್ನ ದೊಡ್ಡಪ್ಪ ಮಾತ್ರ ಆ ಕೆಲಸ ಮಾಡುತ್ತಿರಲಿಲ್ಲ. ಅಪ್ಪ ದುಬೈಯಲ್ಲಿದ್ದುದರಿಂದ ಮನೆಯಲ್ಲಿ ಅವರದೇ ದರ್ಬಾರು.

“ನನಗೆ ಗುರುತು ಬೇಕಾ? ಈ ಕಾಡು ನನಗೆ ಬಾಯಿಪಾಠ ಉಂಟು,” ಎಂದು ಜಗಲಿಯಲ್ಲಿ ಕುಳಿತು ಕೊಚ್ಚಿಕೊಳ್ಳುತ್ತಿದ್ದರು.

ಆ ವರ್ಷವೂ ಹಾಗೆಯೇ ಹೋಗಿ, ಸುರಿಯುವ ಮಳೆಯಲ್ಲಿ ಕೈಗೆ ಸಿಕ್ಕಿದ ಮರವನ್ನು ಜಜ್ಜಿ ಕೆತ್ತೆ ತಂದರು. ಅಮ್ಮ ಅರೆದಳು. ದೊಡ್ಡ ಬೆಲ್ಲದ ತುಂಡಿನ ಆಸೆಗೆ ನನ್ನ ತಮ್ಮ ಸುಧಿ ಎಲ್ಲರಿಗಿಂತ ಮೊದಲು ಓಡಿಬಂದು ಕುಡಿದ. ನಾವು ಲೋಟ ಎತ್ತುವಷ್ಟರಲ್ಲಿ ಅವನ ದವಡೆ ಬಿಗಿಯಿತು, ಬೆನ್ನು ಬಿಲ್ಲಿನ ಹಾಗೆ ಬಾಗಿತು. ಬಾಡಿಗೆ ಜೀಪಿನಲ್ಲಿ ಮಣಿಪಾಲಕ್ಕೆ ಕೊಂಡುಹೋಗುವಾಗ ದಾರಿಯ ಒಂದೊಂದು ಹಾರ್ನಿಗೂ ಮಗು ಸೆಟೆದುಕೊಳ್ಳುತ್ತಿತ್ತು. ಅಮ್ಮ ಅವನ ಎರಡೂ ಕಿವಿ ಮುಚ್ಚಿ ಹಿಡಿದಿದ್ದಳು.

ಆಸ್ಪತ್ರೆಯ ಡಾಕ್ಟರು ನೋಡಿದವರೇ ಹೇಳಿದರು: “ಲಕ್ಷಣ ನೋಡಿದರೆ ಕಾಸರಕ ಮರದ ವಿಷ. ಹಾಲೆಯೆಂದು ಕಾಸರಕದ ಕೆತ್ತೆ ತಂದಿದ್ದೀರಿ. ಯಾರು ತಂದದ್ದು?”

“ನಾನು ತಂದದ್ದು ಹಾಲೆಯೇ ಡಾಕ್ಟ್ರೇ,” ಎಂದರು ದೊಡ್ಡಪ್ಪ, ಕಣ್ಣು ಮಿಟುಕಿಸದೆ. “ಅರೆದದ್ದು ಇವಳು. ಅದಕ್ಕೆ ಎಂತ ಬೆರೆಸಿದ್ದಾಳೋ ಯಾರಿಗೆ ಗೊತ್ತು.”

ಸುಧಿ ಬದುಕಿದ. ಅಮ್ಮನ ಮರ್ಯಾದೆ ಬದುಕಲಿಲ್ಲ. ಹೆತ್ತ ಮಗನಿಗೇ ವಿಷ ಅರೆದವಳು ಎಂದು ಊರೆಲ್ಲ ಸುದ್ದಿಯಾಯಿತು. ಮನೆಗೆ ಬಂದ ನೆಂಟರು ಅವಳು ಕೊಟ್ಟ ಚಹಾವನ್ನು ಮುಟ್ಟದೆ ಎದ್ದು ಹೋಗುತ್ತಿದ್ದರು. ದೊಡ್ಡಪ್ಪನನ್ನು ಹೆತ್ತ ಅಜ್ಜಿಯೂ ಅವಳನ್ನು ಅರೆಯುವ ಕಲ್ಲಿನಿಂದ ಎಬ್ಬಿಸಿದರು. ನಾನು ಕಾಡಿಗೆ ಹೋಗಿ ಜಜ್ಜಿದ ಗಾಯವಿದ್ದ ಆ ಮರವನ್ನು ಹುಡುಕಿ ಎಲೆ ಚಿವುಟಿ ನೋಡಿದೆ. ಹಾಲಿರಲಿಲ್ಲ. ಓಡಿಬಂದು ಹೇಳಿದರೆ ಅಜ್ಜಿ, “ದೊಡ್ಡಪ್ಪನ ಮೇಲೆ ದೂರು ಹೇಳ್ತೀಯಾ?” ಎಂದು ನನ್ನ ಬೆನ್ನಿಗೇ ಗುದ್ದಿದರು. ಇರಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಇಡೀ ವರ್ಷ ಆ ಸಿಟ್ಟನ್ನು ಆರಲು ಬಿಡಲಿಲ್ಲ.

ಮರುವರ್ಷದ ಆಟಿಗೆ ದೊಡ್ಡಪ್ಪನನ್ನು ಯಾರೂ ಕಾಡಿಗೆ ಕಳಿಸಲಿಲ್ಲ. ಬೆಳಿಗ್ಗೆ ಅವರಿನ್ನೂ ಮಲಗಿದ್ದಾಗ ನೆರೆಮನೆಯ ಕಮಲಕ್ಕ ಒಳ್ಳೆಯ ಹಾಲೆ ಕೆತ್ತೆ ತಂದುಕೊಟ್ಟರು, ಅಜ್ಜಿ ಅರೆದರು. ನೆಂಟರೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ ಮೊದಲ ಲೋಟವನ್ನು ನಾನೇ ದೊಡ್ಡಪ್ಪನಿಗೆ ಕೊಟ್ಟೆ.

“ಕುಡಿಯಿರಿ ದೊಡ್ಡಪ್ಪ. ಅಮ್ಮ ಮುಟ್ಟಲಿಲ್ಲ, ಅರೆದದ್ದು ಅಜ್ಜಿ. ಕೆತ್ತೆ ಹೋದ ವರ್ಷ ನೀವು ತಂದ ಮರದ್ದೇ. ನಾನೇ ಹೋಗಿ ಜಜ್ಜಿ ತಂದೆ.”

ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲಿಯೇ ನಿಂತಿತು. ಅವರ ಹಣೆ ಬೆವರಿತು.

“ಕುಡಿ ಮಗಾ,” ಎಂದರು ಅಜ್ಜಿ. “ಒಳ್ಳೆ ಮರ ಅಲ್ವಾ ಅದು?”

ಅವರು ಲೋಟವನ್ನು ಕೆಳಗಿಟ್ಟು, ಕೊಡೆಯನ್ನೂ ಮರೆತು ಮಳೆಯಲ್ಲೇ ಅಂಗಳಕ್ಕಿಳಿದು ಹೋದರು. ಅಮ್ಮ ಬಾಗಿಲ ಮರೆಯಿಂದ ಬಂದು ಆ ಲೋಟವನ್ನೆತ್ತಿ ಒಂದೇ ಗುಟುಕಿಗೆ ಕುಡಿದಳು. ಅದು ಯಾವ ಮರದ್ದೆಂದು ನನ್ನನ್ನು ಕೇಳಲಿಲ್ಲ. ಅಜ್ಜಿ ತಲೆ ತಗ್ಗಿಸಿ ಅವಳ ಕೈಗೆ ಬೆಲ್ಲ ಕೊಟ್ಟರು. ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ‘ತಪ್ಪು ನನ್ನದು’ ಎಂಬ ಒಂದು ಮಾತು ದೊಡ್ಡಪ್ಪನ ಬಾಯಿಂದ ಬರಲಿಲ್ಲ. ಅಮ್ಮ ಅದಕ್ಕಾಗಿ ಕಾದಳು. ಕಾಯುತ್ತಲೇ ತೀರಿಕೊಂಡಳು. ಈಗ ಹಾಲೆ ಕೆತ್ತೆಯ ಪುಡಿ ಕಾರ್ಕಳದ ಅಂಗಡಿಯಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದೆ. ಅದರೊಳಗೆ ಯಾವ ಮರ ಉಂಟೋ ಹೇಳುವವರಿಲ್ಲ. ಕೊಟ್ಟವರ ಮುಖ ನೋಡಿ ಕಣ್ಣು ಮುಚ್ಚಿ ಕುಡಿಯುತ್ತಿದ್ದ ನಾವು ಈಗ ಅಂಥವರಾಗಿ ಉಳಿದಿಲ್ಲ. ನಮ್ಮ ಮನೆಯಲ್ಲಿ ಆಟಿ ಕಷಾಯವೇ ನಿಂತುಹೋಗಿದೆ.

ಮೊನ್ನೆ ದೊಡ್ಡಪ್ಪನ ಮಗ ಫೋನು ಮಾಡಿದ್ದ.

“ಅಪ್ಪ ಹಾಸಿಗೆ ಹಿಡಿದಿದ್ದಾರೆ. ಆ ಕೆತ್ತೆಯ ವಿಷಯ ನಿನ್ನ ಹತ್ತಿರ ಒಂದು ಮಾತು ಹೇಳಬೇಕಂತೆ. ಒಮ್ಮೆ ಬಂದು ಹೋಗು ಮಾರಾಯ್ತಿ.”

“ನನ್ನ ಹತ್ತಿರ ಎಂತಕ್ಕೆ ಅಣ್ಣ?” ಎಂದೆ. “ಹೇಗೂ ಹೊರಟಿದ್ದಾರಲ್ಲ, ಅಮ್ಮನ ಹತ್ತಿರವೇ ಹೇಳಲಿ.”