ತೂಬಿನ ದಾರಿ

ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಫೋನಿನಲ್ಲಿ ಜಾಗವಿಲ್ಲವೆಂದು ಹಳೆಯ ಚಿತ್ರಗಳನ್ನು ಅಳಿಸುತ್ತಾ ಕುಳಿತಿದ್ದಾಗ ಒಂದು ಚಿತ್ರದ ಮೇಲೆ ಈ ಹೊತ್ತು ಕಂಡಿತು. ಚಿತ್ರದಲ್ಲಿ ವಿಶೇಷವೇನಿಲ್ಲ. ಬೇಸಿಗೆಗೆ ಬಿರುಕುಬಿಟ್ಟ ಕೆರೆಯಂಗಳ, ಅದರ ಮೇಲೆ ಮುದುಕರೊಬ್ಬರ ಹೆಜ್ಜೆಗುರುತುಗಳು. ಓರೆ ಬಿಸಿಲಿಗೆ ಚೆನ್ನಾಗಿ ಕಾಣುತ್ತಿವೆಯಲ್ಲ ಎಂದು ನಿಂತು ತೆಗೆದದ್ದು. ತೆಗೆದು ತಲೆಯೆತ್ತುವಷ್ಟರಲ್ಲಿ...

ಅವರು ಆ ಕೆರೆಯ ನೀರುಗಂಟಿ. ತಣಿಸಂದ್ರದ ಆಚೆಯ ಹಳೇ ಊರಿನಲ್ಲಿ ತೂಬೆತ್ತಿ ಗದ್ದೆಗಳಿಗೆ ನೀರು ಬಿಡುವುದು ಅವರ ಮನೆತನದ ಕೆಲಸವಾಗಿತ್ತು. ಆ ಗದ್ದೆಗಳ ಮೇಲೆ ಎದ್ದ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ನಾನಿದ್ದೆ. ನೀರು ಕೇಳುವವರು ಯಾರೂ ಉಳಿದಿರಲಿಲ್ಲವಾದರೂ ಅವರು ದಿನಾ ಬೆಳಿಗ್ಗೆ ಕೆರೆ ನೋಡಿಕೊಂಡು ಬರುತ್ತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುವವಳು, ಒಬ್ಬಳೇ ಇದ್ದವಳು. ಸಂಜೆಯವರೆಗೂ ಬಾಯಿಂದ ಒಂದು ಮಾತು ಹೊರಡದ ದಿನಗಳಿದ್ದವು. ಕೆರೆಯ ಏರಿಯ ಮೇಲೆ ನಡೆಯಲು ಹೋದವಳು ಹೇಗೋ ಅವರ ಜೊತೆಯಾದೆ.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆಂದು ಮೊದಲ ದಿನವೇ ಹೇಳಿಬಿಟ್ಟಿದ್ದೆ. ಅವರು ನೀರಂಚಿನ ಗಿಡವೊಂದನ್ನು ತೋರಿಸಿ ಇದೇನೆಂದು ಕೇಳಿದರು. ನಾನು ತಡವರಿಸಿದೆ.

“ಒನಗೊನೆ ಸೊಪ್ಪು ಕಣವ್ವ, ಸಾರಿಗೆ ಆಕೋದು. ಅಷ್ಟ್ ವರ್ಸ ಕಾಲೇಜ್ನಾಗೆ ಏನ್ ಬೆಂಚ್ ಒರಸ್ತಿದ್ಯಾ?”

ಆಮೇಲೆ ಬಹಳ ಕಲಿತೆ. ಗಾಳಿಯಿಲ್ಲದೆ ಜೊಂಡು ಅಲುಗಿದರೆ ಒಳಗೆ ನೀರುಕೋಳಿ ಇದೆ ಎಂದು. ಗುಳುಮುಳುಕ ಹಕ್ಕಿ ಮುಳುಗಿದ ಕಡೆಯೇ ಏಳುವುದಿಲ್ಲ, ಆಚೆ ನೋಡಬೇಕು ಎಂದು. ಕೆರೆಯಂಗಳಕ್ಕೆ ಇಳಿದಾಗ ಅವರದೊಂದು ಕಟ್ಟಳೆ ಇತ್ತು: ಹತ್ತು ಹೆಜ್ಜೆ ಹಿಂದಿರಬೇಕು, ಅವರು ಊರಿದ ಕಡೆಯೇ ಕಾಲೂರಬೇಕು. ಹಿಂದೆಲ್ಲ ನೀರುಗಂಟಿಯ ಮಾತಿಲ್ಲದೆ ಊರಿನ ದನ ಕೂಡ ಕೆರೆಗೆ ಇಳಿಯುತ್ತಿರಲಿಲ್ಲವಂತೆ.

ಆ ವರ್ಷ ಚಳಿಗಾಲದಲ್ಲಿ ಕೆರೆಯ ಹೂಳೆತ್ತಲು ಯಂತ್ರಗಳು ಬಂದವು. ಏರಿಯ ಬುಡದಿಂದ ತೂಬಿನ ಕಂಬಗಳವರೆಗೆ ಕೆಸರಿನಲ್ಲಿ ಕಾಲು ಹೂತುಹೋಗದಿರಲೆಂದು ಅವರ ಹಿರಿಯರು ಮಣ್ಣಿನಡಿ ಚಪ್ಪಡಿ ಹಾಸಿದ ದಾರಿಯೊಂದಿತ್ತು. ಅದನ್ನು ಮಾತ್ರ ಮುಟ್ಟಬೇಡಿ ಎಂದು ಅವರು ಹೋಗಿ ಹೇಳಿಬಂದರು. ಯಂತ್ರದವರು “ಆಯ್ತು ತಾತ” ಎಂದರಂತೆ. ನೀರುಗಂಟಿಗೆ ಆಯ್ತು ಎಂದು ಹೇಳಿ ಬೇರೆ ಮಾಡಿದವರನ್ನು ಅವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಮೇ ತಿಂಗಳಲ್ಲಿ ತೂಬಿನ ಪಕ್ಕದ ದಿಬ್ಬದ ಮೇಲೆ ಟಿಟ್ಟಿಭ ಹಕ್ಕಿ ಕಾವಿಗೆ ಕೂತದ್ದನ್ನು ಅವರು ಏರಿಯಿಂದಲೇ ಗುರುತಿಸಿದರು. “ಎತ್ತರದಾಗೆ ಮೊಟ್ಟೆ ಇಕ್ಕೈತೆ. ಈ ಸಲ ಮಳೆ ಜೋರೈತೆ ನೋಡ್ತಿರು.”

“ತಾತ, ನಂಗೂ ಮೊಟ್ಟೆ ತೋರ್ಸಿ.” ಕೇಳಿದ್ದು ನಾನು. ಅವರಾಗಿ ಕರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಇಳಿದೆವು. ಅವರು ಮುಂದೆ, ನಾನು ಹಿಂದೆ. ನಾನು ಚಿತ್ರ ತೆಗೆದು ತಲೆಯೆತ್ತುವಷ್ಟರಲ್ಲಿ ಅವರು ಸೊಂಟದವರೆಗೆ ನೆಲದೊಳಗಿದ್ದರು. ಯಂತ್ರದವರು ಆ ದಾರಿಯನ್ನು ಅಗೆದುಬಿಟ್ಟಿದ್ದರು. ಗುಂಡಿಯಲ್ಲಿ ನಿಂತ ಕೆಸರಿನ ಮೇಲ್ಪದರ ಮಾತ್ರ ಒಣಗಿ, ಉಳಿದ ನೆಲದಂತೆಯೇ ಬಿರುಕುಬಿಟ್ಟಿತ್ತು.

ನಾನು ಒಂದು ಹೆಜ್ಜೆ ಮುಂದಿಟ್ಟೆ.

“ಬರ್ಬ್ಯಾಡ! ಅಲ್ಲೇ ನಿಂತ್ಕೊ!” ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ. ದುಪಟ್ಟಾ ಎಸೆದೆ, ಎಟುಕಲಿಲ್ಲ. ಅವರು ಮೆಲ್ಲಗೆ, ಸೊಪ್ಪಿನ ಹೆಸರು ಹೇಳಿಕೊಡುವ ದನಿಯಲ್ಲಿ ಹೇಳಿದರು: “ಬಂದ ಎಜ್ಜೆ ಮ್ಯಾಲೇ ತಿರುಗ್ಕಂಡು ಓಗು. ಯಾರ್ನಾದ್ರೂ ಕರಿ.”

ಓಡಿದೆ. ಏರಿ ಹತ್ತಿ ಕೂಗಿದೆ. ತಿರುಗಿ ನೋಡಿದಾಗ ಅವರ ತಲೆ, ಕೈಗಳು ಕಾಣುತ್ತಿದ್ದವು. ವಾಕಿಂಗ್ ಬಂದವರು ಓಡಿಬಂದರು, ಯಾರೋ ಫೋನ್ ಮಾಡಿದರು, ಯಾರೋ ಹಗ್ಗ ಹುಡುಕಿದರು. ಮತ್ತೆ ತಿರುಗಿದಾಗ...

ಆಮೇಲೆ ನನ್ನ ನಿದ್ದೆ ಹಾರಿಹೋಯಿತು. ಮಲಗಿದರೆ ಕಾಲಡಿ ಹಾಸಿಗೆ ಕುಸಿಯುತ್ತಿತ್ತು. ಹೊಟ್ಟೆಯ ಮೇಲೆ ತೆವಳಿ ಹೋಗಿದ್ದರೆ? ದುಪಟ್ಟಾಗೆ ಕಲ್ಲು ಕಟ್ಟಿ ಎಸೆದಿದ್ದರೆ? ಮೊಟ್ಟೆ ನೋಡಬೇಕೆಂದು ಕೇಳದೇ ಇದ್ದಿದ್ದರೆ? ಮೊದಲ ಎರಡಕ್ಕೆ ಏನಾದರೊಂದು ಉತ್ತರ ಹೊಳೆಯುತ್ತಿತ್ತು. ಮೂರನೆಯದಕ್ಕೆ ಇದ್ದದ್ದು ಒಂದೇ ಉತ್ತರ: ಅವರು ಉಳಿದಿರುತ್ತಿದ್ದರು. ಅವರ ಮನೆಯ ಬೀದಿಗೆ ಹೋಗುವುದನ್ನೇ ಬಿಟ್ಟೆ.

ಮಳೆಗಾಲ ಮುಗಿದು ಚಳಿ ಹಿಡಿದ ಮೇಲೆ ಒಂದು ಶನಿವಾರ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

“ಮೊಟ್ಟೆ ತೋರ್ಸಿ ಅಂತ ನಾನೇ ಕೇಳಿದ್ದು, ಅಜ್ಜಿ. ಆಮೇಲೆ ಬರ್ಬೇಡ ಅಂದ್ರು. ನಾನು ಹೋಗ್ಲಿಲ್ಲ.”

ಅಜ್ಜಿ ಬಿಡಿಸುತ್ತಲೇ ಹೇಳಿದರು: “ಆ ದಾರಿ ಅಗೀಬ್ಯಾಡಿ ಅಂದ್ರು, ಮಿಸಿನ್ನೋರು ಕೇಳ್ನಿಲ್ಲ. ವಯಸ್ಸಾಯ್ತು ಕೆರೆಗೋಗ್ಬ್ಯಾಡ ಅಂದೆ, ಆವಯ್ಯ ನನ್ ಮಾತ್ ಕೇಳ್ನಿಲ್ಲ. ಕೆರೆ ತಾವ ಅವ್ರು ಆಡಿದ್ ಮಾತ ಕೊನೇಗೆ ಕೇಳ್ದೋಳು ನೀನೊಬ್ಳೇ ಕಣವ್ವ. ನೀನೂ ಕೇಳ್ದಿದ್ರೆ ಇಬ್ರು ಓಗೋರು.” ಕಾಯಿಯ ಮೊರ ನನ್ನತ್ತ ಸರಿಸಿ, “ಸುಮ್ಕೆ ಕುಂತಿದ್ದೀಯಲ್ಲ, ನೀನೂ ಒಂದಿಷ್ಟು ಬಿಡ್ಸು” ಎಂದರು.

ಕತ್ತಲಾಗುವವರೆಗೂ ಬಿಡಿಸಿದೆವು.

ಮರುದಿನ ಭಾನುವಾರ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಬೆಚ್ಚಗಾಗಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಹಾಲು ಕಾಯಿಸಲು ಇಟ್ಟು ನಿಂತಾಗ ಮೊದಲು ಹೊಳೆದದ್ದು, ಒಂದಿಡೀ ರಾತ್ರಿ ಅವರನ್ನು ಆ ಕೆಸರಿನಲ್ಲಿ ಒಬ್ಬರನ್ನೇ ಬಿಟ್ಟು ಮಲಗಿಬಿಟ್ಟೆನಲ್ಲ ಎಂಬುದು. ಈಗ ದಿನವೂ ಹಾಗೆಯೇ ಮಲಗುತ್ತೇನೆ.